ಉಪ್ಪುಗಾಳಿಯಲ್ಲಿ ನಿಲ್ಲುವ ಕಾರು: ರಿಮ್, ಟೈರು ಮತ್ತು ಬ್ಯಾಟರಿ ದುರಸ್ತಿಯ ದಾಖಲೆ

ಒಂದು ಕಡೆ ಕಾಳಿ ನದಿಯ ಅಳಿವೆ, ಮತ್ತೊಂದು ಕಡೆ ಅರಬ್ಬಿ ಸಮುದ್ರ ಇರುವ ಕಾರವಾರದ ಕೋಡಿಬಾಗದಂಥ ಜಾಗದಲ್ಲಿ ಬಯಲಲ್ಲೇ ನಿಲ್ಲುವ ಕಾರಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ದೂರುಗಳು ಹೆಚ್ಚಾಗಿ ಜೊತೆಯಾಗಿಯೇ ಬರುತ್ತವೆ. ಪಂಕ್ಚರ್ ಇಲ್ಲದ ಟೈರಿನಿಂದ ಗಾಳಿ ಇಳಿಯುತ್ತಲೇ ಹೋಗುವುದು ಒಂದು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಸೋತಂತೆ ತಿರುಗುವುದು ಇನ್ನೊಂದು. ಪೇಟೆಯಲ್ಲಿ ವಿಚಾರಿಸಿದರೆ ಮೊದಲನೆಯದಕ್ಕೆ ಹೊಸ ಟೈರು, ಎರಡನೆಯದಕ್ಕೆ ಹೊಸ ಬ್ಯಾಟರಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಸಲ ನನ್ನ ಕಾರಿನಲ್ಲಿ ಎರಡೂ ದೂರುಗಳು ಕಾಣಿಸಿಕೊಂಡವು. ಬಿಚ್ಚಿ, ಅಳೆದು ನೋಡಿದಾಗ ಟೈರಿನಲ್ಲೂ ದೋಷವಿರಲಿಲ್ಲ, ಬ್ಯಾಟರಿಯಲ್ಲೂ ದೋಷವಿರಲಿಲ್ಲ. ಟೈರು ರಿಮ್ಮಿಗೆ ಕೂಡುವ ಅಂಚು ಮತ್ತು ಬ್ಯಾಟರಿಯ ತಂತಿ ಎಂಜಿನ್ನಿಗೆ ಕೂಡುವ ಬೋಲ್ಟು, ಈ ಎರಡು ಸಂಧಿಗಳು ತುಕ್ಕು ಹಿಡಿದಿದ್ದವು. ಕರಾವಳಿಯಲ್ಲಿ ಕಾರು ಇಟ್ಟುಕೊಂಡವರು ದುಡ್ಡು ಖರ್ಚು ಮಾಡುವ ಮೊದಲು ಈ ಸಂಧಿಗಳನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ, ಮಾಡಿದ ಕೆಲಸವನ್ನು ಅಳತೆಗಳ ಸಹಿತ ಇಲ್ಲಿ ಬರೆದಿಡುತ್ತಿದ್ದೇನೆ.

ಕಾರು ಪೆಟ್ರೋಲಿನ ಚಿಕ್ಕ ಹ್ಯಾಚ್‌ಬ್ಯಾಕ್. ಉಕ್ಕಿನ ರಿಮ್, 165/80 ಆರ್ 14 ಅಳತೆಯ ಟ್ಯೂಬ್‌ಲೆಸ್ ಟೈರು, 35 ಆಂಪಿಯರ್-ಅವರ್ ಸಾಮರ್ಥ್ಯದ 12 ವೋಲ್ಟ್ ಬ್ಯಾಟರಿ.

ಉಪ್ಪು ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಅಲೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿ ಬಂದು ಲೋಹದ ಮೇಲೆ ಕೂರುತ್ತವೆ. ಗಾಳಿಯ ತೇವಾಂಶ ಸುಮಾರು 75 ಪ್ರತಿಶತ ದಾಟಿದರೆ ಸಾಕು, ಅಡುಗೆ ಉಪ್ಪು ತಾನಾಗಿಯೇ ನೀರನ್ನು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿ ಆ ಮಟ್ಟಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಹೀಗಾಗಿ ಮಳೆ ಬಿಟ್ಟ ದಿನವೂ, ಮಾಡಿನ ಕೆಳಗೆ ನಿಂತ ಕಾರಿನಲ್ಲೂ, ಲೋಹದ ಸಂದುಗಳಲ್ಲಿ ತೆಳುವಾದ ಉಪ್ಪುನೀರಿನ ಪದರ ಉಳಿದೇ ಇರುತ್ತದೆ. ಬಯಲಾಗಿರುವ ಭಾಗವನ್ನಾದರೂ ಮಳೆ ತೊಳೆಯುತ್ತದೆ. ಟೈರಿನ ಅಂಚು ರಿಮ್ಮಿಗೆ ಒತ್ತಿರುವ ಸಂದು, ಬೋಲ್ಟಿನ ತಲೆಯ ಕೆಳಗಿನ ಸಂದು, ಇವುಗಳಿಗೆ ಆ ಭಾಗ್ಯವೂ ಇಲ್ಲ.

ಟೈರಿನಿಂದಲೇ ಶುರು ಮಾಡಿದೆ. ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯ ಪ್ರಕಾರ ನನ್ನ ಕಾರಿಗೆ ಬೇಕಾದ ಒತ್ತಡ 33 ಪಿಎಸ್‌ಐ (ಚದರ ಇಂಚಿಗೆ 33 ಪೌಂಡ್). ಇದು ಟೈರು ತಣ್ಣಗಿರುವಾಗಿನ ಲೆಕ್ಕ. ಓಡಿಬಂದ ಮೇಲೆ ಅಳೆದರೆ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಬಹುದು, ಆಗ ಗಾಳಿ ಇಳಿಸಬಾರದು. ಒಳ್ಳೆಯ ಟೈರು ಕೂಡ ತಿಂಗಳಿಗೆ ಒಂದರಿಂದ ಎರಡು ಪಿಎಸ್‌ಐ ಕಳೆದುಕೊಳ್ಳುವುದು ಸಹಜ, ಏಕೆಂದರೆ ರಬ್ಬರಿನ ಮೂಲಕವೇ ಗಾಳಿ ನಿಧಾನವಾಗಿ ಹೊರಸೋರುತ್ತದೆ. ನನ್ನ ಎಡ ಮುಂಗಾಲಿಯ ಟೈರು ವಾರದೊಳಗೆ 33ರಿಂದ 26ಕ್ಕೆ ಇಳಿಯುತ್ತಿತ್ತು. ಬಲ ಹಿಂಗಾಲಿಯದು ಅಷ್ಟು ವೇಗವಾಗಿ ಅಲ್ಲದಿದ್ದರೂ ಇಳಿಯುತ್ತಿತ್ತು.

ಘಟ್ಟ ಹತ್ತಿ ಇಳಿಯುವವರು ಕೇಳುವ ಪ್ರಶ್ನೆಯೊಂದಕ್ಕೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಕಾರವಾರದಲ್ಲಿ ಗಾಳಿ ತುಂಬಿಸಿಕೊಂಡು ಕುಮಟೆಯಿಂದ ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಹೋದರೆ ಒತ್ತಡವನ್ನು ಮತ್ತೆ ಸರಿಪಡಿಸಬೇಕೇ? ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಹೊರಗಿನ ವಾಯುಭಾರ ಹೆಚ್ಚುಕಡಿಮೆ 1 ಪಿಎಸ್‌ಐ ಕಡಿಮೆಯಾಗುವುದರಿಂದ ಗೇಜು 1 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅಲ್ಲಿನ ಬೆಳಗು ಕರಾವಳಿಗಿಂತ ಐದಾರು ಡಿಗ್ರಿ ತಂಪಾಗಿದ್ದರೆ, ಆ ತಂಪಿಗೆ ಒಳಗಿನ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಇಳಿಯುತ್ತದೆ. ಒಂದನ್ನೊಂದು ಸರಿದೂಗಿಸುವುದರಿಂದ ಅಲ್ಲಿ ಗಾಳಿ ಮುಟ್ಟುವ ಅಗತ್ಯ ಬೀಳುವುದಿಲ್ಲ. ಶಿರಸಿಗೆ ಹೋದಾಗ ಗಾಳಿ ಗಣನೀಯವಾಗಿ ಕಡಿಮೆ ತೋರಿಸಿತು ಎಂದರೆ ಅದು ಘಟ್ಟದ ಕಾರಣದಿಂದಲ್ಲ, ಸೋರಿಕೆಯಿಂದ.

ಸೋರಿಕೆ ಹುಡುಕುವ ಕೆಲಸಕ್ಕೆ ಆತುರ ಆಗದು. ಗಾಲಿಯನ್ನು ಬಿಚ್ಚಿ 38 ಪಿಎಸ್‌ಐವರೆಗೆ ಗಾಳಿ ತುಂಬಿಸಿ, ನೆಲಕ್ಕೆ ಅಂಗಾತ ಮಲಗಿಸಿ, ರಿಮ್ ಮತ್ತು ಟೈರು ಕೂಡುವ ಚರಂಡಿಯಂಥ ಸಂದಿನ ಸುತ್ತ ಸೋಪಿನ ನೀರನ್ನು ತುಂಬಿ ಬಿಟ್ಟೆ. ಮೊಳೆ ಚುಚ್ಚಿದ ತೂತಾದರೆ ಗುಳ್ಳೆ ತಕ್ಷಣ ಏಳುತ್ತದೆ. ಅಂಚಿನ ಸೋರಿಕೆ ಹಾಗಲ್ಲ. ಹತ್ತು ಹದಿನೈದು ನಿಮಿಷ ಕಾದ ಮೇಲೆ ಬಹಳ ಸಣ್ಣ ಗುಳ್ಳೆಗಳು ಸೇರಿ ಬಿಳಿ ನೊರೆಯ ಗೆರೆಯಾಗುತ್ತವೆ. ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಗಾಲಿಯನ್ನು ಒಮ್ಮೆ ತಿರುಗಿಸಿ ತೆಗೆದಾಗ ಏನೂ ಕಾಣದೆ ಇರಲು ಇದೇ ಕಾರಣ. ನನ್ನ ಗಾಲಿಯಲ್ಲಿ ಹೊರಮೈಯ ಕಡೆ ಏನೂ ಏಳಲಿಲ್ಲ. ಮಗುಚಿ ಹಾಕಿ ಒಳಮೈಯ ಕಡೆ ನೀರು ಬಿಟ್ಟಾಗ ಅಂಗೈ ಅಗಲದಷ್ಟು ಉದ್ದಕ್ಕೆ ನೊರೆ ಬಂತು. ಒಳಮೈಯೇ ಹೆಚ್ಚು ಕೆಡುವುದು ಸಹಜ: ರಸ್ತೆಯ ನೀರು, ಕೆಸರು ಬಂದು ಸೇರುವುದು ಅಲ್ಲಿಗೆ, ಕಾರು ತೊಳೆಯುವವರ ಕೈ ತಲುಪದಿರುವುದೂ ಅಲ್ಲಿಗೆ.

ವಾಲ್ವಿನ ಬಾಯಿಗೂ ಬುಡಕ್ಕೂ ಸೋಪಿನ ನೀರು ಹಚ್ಚಿ, ರಬ್ಬರಿನ ಕಾಂಡವನ್ನು ಅತ್ತಿತ್ತ ಬಾಗಿಸಿ ನೋಡಿದೆ. ಸೋರಿಕೆ ಇರಲಿಲ್ಲವಾದರೂ ಬುಡದಲ್ಲಿ ಸಣ್ಣ ಬಿರುಕುಗಳಿದ್ದವು. ಟೈರು ಹೇಗೂ ಬಿಚ್ಚುವುದಿದೆ ಎಂದ ಮೇಲೆ ಹಳೆಯ ವಾಲ್ವನ್ನೇ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಟೈರನ್ನು ಉಳಿಸಿಕೊಳ್ಳಬಹುದೇ ಎಂಬುದನ್ನು ಬಿಚ್ಚುವ ಮೊದಲೇ ತೀರ್ಮಾನಿಸಬೇಕು. ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 1422 ಎಂದಿದ್ದರೆ 2022ರ 14ನೆಯ ವಾರ. ನನ್ನದು ಅದೇ. ಎಳೆಯ, ಎಂದರೆ ನೆಲಕ್ಕೆ ತಾಗುವ ಮೈಮೇಲಿನ ಗೀರುಗಳ, ಆಳ ಎಲ್ಲ ಕಡೆ 4 ಮಿಲಿಮೀಟರಿಗಿಂತ ಹೆಚ್ಚಿತ್ತು. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್, ಎಳೆಗಳ ನಡುವಿನ ಉಬ್ಬು ಗುರುತುಗಳು ತೋರಿಸುವುದೂ ಅದನ್ನೇ. ಆದರೆ ನಮ್ಮ ಜಿಲ್ಲೆಯ ಜಡಿಮಳೆಯಲ್ಲಿ ಹೆದ್ದಾರಿಯ ಮೇಲೆ ನಿಲ್ಲುವ ನೀರನ್ನು ಹೊರದಬ್ಬಲು ಆ ಆಳ ಸಾಲದು. ಮೇ ತಿಂಗಳಲ್ಲಿ ಅಳೆದಾಗ 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸುವುದು ನನ್ನ ಕ್ರಮ. ಪಕ್ಕದ ಗೋಡೆಯಲ್ಲಿ ಉಬ್ಬು ಇದ್ದರೆ ಮಾತ್ರ ಯಾವ ದುರಸ್ತಿಯೂ ಇಲ್ಲ. ಒಳಗಿನ ನೂಲಿನ ಪದರ ಹರಿದಿದೆ ಎಂದೇ ಅದರ ಅರ್ಥ. ಚಿರೆಕಲ್ಲಿನ ಚೂಪು ಅಂಚಿಗೆ ಅಥವಾ ನೀರು ತುಂಬಿದ ಗುಂಡಿಯ ಅಂಚಿಗೆ ಬಡಿದಾಗ ಹೀಗಾಗುತ್ತದೆ. ಅಂಥ ಟೈರನ್ನು ಅದೇ ದಿನ ತೆಗೆಯಬೇಕು. ಎರಡೂ ಮುಂಗಾಲಿಗಳ ಹೊರ ಅಂಚು ಒಳ ಅಂಚಿಗಿಂತ ತುಸು ಹೆಚ್ಚು ಸವೆದಿತ್ತು. ಘಟ್ಟದ ತಿರುವುಗಳಲ್ಲಿ ಭಾರವೆಲ್ಲ ಅಲ್ಲಿ ಬೀಳುವುದರಿಂದ ಅದು ನಿರೀಕ್ಷಿತವೇ. ಗಾಳಿ ಕಡಿಮೆ ಇದ್ದರೆ ಆ ಸವೆತ ಇನ್ನಷ್ಟು ಹೆಚ್ಚುತ್ತದೆ.

ಟೈರನ್ನು ರಿಮ್ಮಿನಿಂದ ಬಿಡಿಸುವುದಕ್ಕೆ ಮಾತ್ರ ಅಂಗಡಿಯ ಯಂತ್ರ ಬೇಕಾಯಿತು. ರಾಡು ಹಾಕಿ ಮೀಟಿ ತೆಗೆಯಬಾರದು. ಟ್ಯೂಬ್‌ಲೆಸ್ ಟೈರಿನ ಅಂಚು ಒಮ್ಮೆ ಹರಿದರೆ ಮುಂದೆ ಯಾವ ರಿಮ್ಮಿನ ಮೇಲೂ ಗಾಳಿ ನಿಲ್ಲಿಸುವುದಿಲ್ಲ. ಬಿಡಿಸಿದ ಮೇಲೆ ಕಂಡ ರಿಮ್ ನನ್ನ ಊಹೆಯನ್ನು ಪೂರ್ತಿ ಸಮರ್ಥಿಸಿತು. ಟೈರು ಕೂರುವ ಪಟ್ಟಿಯ ಮೇಲೆ ಬಣ್ಣ ಗುಳ್ಳೆಯೆದ್ದು, ಅದರ ಕೆಳಗೆ ತುಕ್ಕು ಪದರಪದರವಾಗಿ ಉಬ್ಬಿತ್ತು. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅದು ಟೈರಿನ ಅಂಚನ್ನು ಕೆಳಗಿನಿಂದ ಎತ್ತಿ ಹಿಡಿದಾಗ ಉಬ್ಬುಗಳ ನಡುವೆ ಗಾಳಿಗೆ ದಾರಿಯಾಗುತ್ತದೆ.

ಡ್ರಿಲ್ಲಿಗೆ ತಂತಿಯ ಬಟ್ಟಲು ಬ್ರಷ್ ಸಿಕ್ಕಿಸಿ ಸಡಿಲ ತುಕ್ಕನ್ನೆಲ್ಲ ತೆಗೆದೆ, ಅನಂತರ 80ನೆಯ ನಂಬರಿನ, ಅದರ ಮೇಲೆ 180ನೆಯ ನಂಬರಿನ ಉಜ್ಜು ಕಾಗದದಿಂದ ಪಟ್ಟಿಯನ್ನು ಸಮ ಮಾಡಿದೆ. ಕನ್ನಡಕ ಮತ್ತು ಮುಖಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಬ್ರಷ್ಷಿನ ತಂತಿಗಳು ಮುರಿದು ಹಾರುತ್ತವೆ. ಇಲ್ಲಿ ಅನೇಕರು ಬಿಟ್ಟುಬಿಡುವ ಹೆಜ್ಜೆಯೊಂದಿದೆ. ತುಕ್ಕು ಕೆರೆದ ಉಕ್ಕಿನ ಸಣ್ಣ ಗುಳಿಗಳಲ್ಲಿ ಉಪ್ಪು ಉಳಿದಿರುತ್ತದೆ, ಅದರ ಮೇಲೆಯೇ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಬಣ್ಣ ಮತ್ತೆ ಗುಳ್ಳೆಯೇಳುತ್ತದೆ. ಹೀಗಾಗಿ ರಿಮ್ಮನ್ನು ಬಿಸಿನೀರಿನಿಂದ ತಿಕ್ಕಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮತ್ತೊಮ್ಮೆ ತೊಳೆದು ಒಣಗಿಸಿದೆ. ಆಮೇಲೆ ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ಪರಿವರ್ತಕವನ್ನು ತೆಳುವಾಗಿ ಹಚ್ಚಿದೆ. ಉಳಿದ ತುಕ್ಕು ಕಪ್ಪಾದ ಗಟ್ಟಿ ಫಾಸ್ಫೇಟ್ ಪದರವಾಯಿತು. ಅದರ ಮೇಲೆ ಸತುವಿನ ಅಂಶವುಳ್ಳ ಪ್ರೈಮರ್ ಒಂದು ಕೈ, ಬಣ್ಣ ಒಂದು ಕೈ. ದಪ್ಪ ಬಳಿದರೆ ಟೈರು ಸರಿಯಾಗಿ ಕೂರುವುದಿಲ್ಲ, ಕೂತರೂ ಬಣ್ಣ ಕಿತ್ತುಬರುತ್ತದೆ. ಪೂರ್ತಿ ಒಂದು ಹಗಲು ರಾತ್ರಿ ಒಣಗಲು ಬಿಟ್ಟೆ. ಅಕ್ಟೋಬರ್‌ನ ಬಿಸಿಲಿಗೆ ಈ ಕೆಲಸ ಇಟ್ಟುಕೊಂಡದ್ದರ ಕಾರಣವೂ ಇದೇ. ಶ್ರಾವಣದ ತೇವದಲ್ಲಿ ಬಣ್ಣ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ.

ಟೈರಿನ ಅಂಚಿಗೆ ಅಂಟಿದ್ದ ತುಕ್ಕಿನ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ವಾಲ್ವ್ ಹಾಕಿಸಿ, ಟೈರನ್ನು ಮರಳಿ ಕೂರಿಸಿದ್ದಾಯಿತು. ಜಾರಿಸಲು ಸೋಪಿನ ಗಟ್ಟಿ ನೀರು ಸಾಕು. ಗ್ರೀಸು, ಡೀಸೆಲ್ ಹಚ್ಚಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅಂಚು ಕೂರುವಾಗ ಠಪ್ ಎಂಬ ಸದ್ದು ಎರಡು ಸಲ ಕೇಳಿಸಬೇಕು. 40 ಪಿಎಸ್‌ಐವರೆಗೆ ತುಂಬಿದರೂ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಮತ್ತೆ ಸೋಪು ಹಚ್ಚಿ ಪ್ರಯತ್ನಿಸಬೇಕೇ ಹೊರತು ಒತ್ತಡ ಏರಿಸುತ್ತ ಹೋಗಬಾರದು. ಬಳಿಕ ಬ್ಯಾಲೆನ್ಸಿಂಗ್ (ಗಾಲಿಯ ತೂಕವನ್ನು ಸುತ್ತಲೂ ಸಮ ಮಾಡುವುದು) ಕಡ್ಡಾಯ, ಏಕೆಂದರೆ ಟೈರು ಈಗ ರಿಮ್ಮಿನ ಮೇಲೆ ಬೇರೆ ಕೋನದಲ್ಲಿ ಕೂತಿರುತ್ತದೆ.

ತುಂಬುವ ಗಾಳಿಯ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಕಂಪ್ರೆಸರ್ ತೊಟ್ಟಿಯ ತಳದಲ್ಲಿ ನೀರು ಸೇರುತ್ತದೆ, ಅದನ್ನು ದಿನವೂ ಹೊರಬಿಡದಿದ್ದರೆ ಟೈರಿನೊಳಗೆ ಹೋಗುವುದು ಗಾಳಿಯ ಜೊತೆ ನೀರಿನ ಆವಿಯೂ ಹೌದು. ರಿಮ್ಮಿನ ಒಳಮೈ ಅದರಿಂದ ತುಕ್ಕು ಹಿಡಿಯುತ್ತದೆ. ನೈಟ್ರೋಜನ್ ತುಂಬಿಸುವುದರ ನಿಜವಾದ ಲಾಭ ಕರಾವಳಿಯಲ್ಲಿ ಇಷ್ಟೇ: ಅದು ಒಣಗಿರುತ್ತದೆ. ಸಾಮಾನ್ಯ ಗಾಳಿಯಲ್ಲೂ 78 ಪ್ರತಿಶತ ನೈಟ್ರೋಜನ್ನೇ ಇರುವುದರಿಂದ ಒತ್ತಡ ನೋಡುವ ಕೆಲಸ ಅದರಿಂದ ತಪ್ಪುವುದಿಲ್ಲ. ಸೋರಿಕೆ ನಿಲ್ಲಿಸಲು ಟೈರಿನೊಳಗೆ ಸುರಿಯುವ ದ್ರವವನ್ನು ನಾನು ಒಪ್ಪುವುದಿಲ್ಲ. ಅಂಚು ಎತ್ತಿ ಹಿಡಿದಿರುವ ತುಕ್ಕನ್ನು ಅದು ತೆಗೆಯುವುದಿಲ್ಲ, ಬ್ಯಾಲೆನ್ಸ್ ಕೆಡುತ್ತದೆ, ಮುಂದೆ ರಿಮ್ ಬಿಚ್ಚುವವರಿಗೂ ಕಷ್ಟ.

ಗಾಲಿ ಹೊರಗಿದ್ದಾಗಲೇ, ಅದನ್ನು ಬಿಗಿಯುವ ಹಬ್ಬಿನ (ಗಾಲಿ ಕೂರುವ ನಡುಭಾಗದ) ಮುಖವನ್ನೂ ತಂತಿ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿದೆ. ಅಲ್ಲಿ ತುಕ್ಕಿನ ಹುರುಕು ಉಳಿದರೆ ರಿಮ್ ಸಮನಾಗಿ ಕೂರುವುದಿಲ್ಲ, ನಟ್ಟು ಬಿಗಿದಂತೆ ಕಂಡರೂ ಓಡಿದ ಮೇಲೆ ಸಡಿಲಾಗುತ್ತದೆ. ರಿಮ್ಮಿನ ನಡುವಿನ ತೂತು ಕೂರುವ ಉಂಗುರಕ್ಕೆ ಮಾತ್ರ ತೆಳುವಾಗಿ ತುಕ್ಕುನಿರೋಧಕ ಪೇಸ್ಟ್ ಸವರಿದೆ. ಬೋಲ್ಟಿನ ಮರೆಗೆ (ತಿರುಪಿನ ಸುತ್ತುಗಳಿಗೆ) ಹಚ್ಚಲಿಲ್ಲ, ಏಕೆಂದರೆ ಮರೆ ಜಾರಿದರೆ ಅಷ್ಟೇ ಟಾರ್ಕಿಗೆ (ತಿರುಚುವ ಬಲಕ್ಕೆ) ಬೋಲ್ಟು ಬೇಕಾದುದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ನಾಲ್ಕು ನಟ್ಟುಗಳನ್ನೂ ಎದುರುಬದುರಾಗಿ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿದೆ. ಚಿಕ್ಕ ಕಾರುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್-ಮೀಟರ್ ನಡುವೆ ಇರುತ್ತದೆ. ಅಂಕೋಲೆಗೆ ಹೋಗಿ ಬಂದ ಮೇಲೆ, ಗಾಲಿ ತಣಿದಾಗ, ಮತ್ತೊಮ್ಮೆ ಟಾರ್ಕ್ ನೋಡಿದೆ.

ಇನ್ನು ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬಾನೆಟ್ ತೆಗೆದು ಮಲ್ಟಿಮೀಟರ್ (ವಿದ್ಯುತ್ ಅಳೆಯುವ ಮೀಟರು) ಹಿಡಿದಾಗ 12.52 ವೋಲ್ಟ್ ಬಂತು. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರಿಂದ 12.7 ತೋರಿಸುತ್ತದೆ, ಅರ್ಧ ಖಾಲಿಯಾದದ್ದು 12.2ರ ಆಸುಪಾಸು, 11.9ಕ್ಕಿಂತ ಕೆಳಗೆ ಹೋದರೆ ಖಾಲಿಯೆಂದೇ ಲೆಕ್ಕ. ನನ್ನದು ತಕ್ಕಮಟ್ಟಿಗೆ ತುಂಬಿತ್ತು. ಮುಂದಿನ ಪರೀಕ್ಷೆಗೆ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ, ಮನೆಯವರಿಂದ ಕೆಲವು ಸೆಕೆಂಡು ಸೆಲ್ಫ್ ಹೊಡೆಸಿದೆ. ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ 10.4 ವೋಲ್ಟ್ ನಿಂತಿತ್ತು. ಸೆಲ್ಫ್ ಎಳೆಯುವಾಗಲೂ 9.6ಕ್ಕಿಂತ ಮೇಲೆ ನಿಲ್ಲುವ ಬ್ಯಾಟರಿಯನ್ನು ಕೆಟ್ಟಿದೆ ಎನ್ನಲಾಗದು. ಆದರೂ ಎಂಜಿನ್ ನಿಧಾನವಾಗಿ ತಿರುಗುತ್ತಿತ್ತು. ಎಂದರೆ ವೋಲ್ಟೇಜು ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ.

ಅದನ್ನು ಹಿಡಿಯುವ ಪರೀಕ್ಷೆ ಸರಳವಾದರೂ ಮಾಡುವವರು ವಿರಳ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಸೀಸಕ್ಕೇ ಒತ್ತಿ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಸೆಲ್ಫ್ ಹೊಡೆಸಬೇಕು. ತಂತಿ ಮತ್ತು ಸಂಧಿಗಳು ಸರಿ ಇದ್ದರೆ 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ನನಗೆ ಬಂದದ್ದು 0.9. ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ಬೋಲ್ಟಿನವರೆಗೆ 0.25 ಮಾತ್ರ ಇತ್ತು. ಸುಮಾರು 150 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಕಳೆಯಲು ಆರು ಮಿಲಿ-ಓಮಿನಷ್ಟು ಅಡ್ಡಿ ಸಾಕು. ಸಾಮಾನ್ಯ ಮೀಟರಿನಲ್ಲಿ ಓಮ್ ಅಳೆದರೆ ಅದು ಸೊನ್ನೆಯೆಂದೇ ಕಾಣುತ್ತದೆ. ಕರೆಂಟು ಹರಿಯುತ್ತಿರುವಾಗ ಅಳೆಯಬೇಕೆನ್ನುವುದು ಅದಕ್ಕಾಗಿ. ಎಂಜಿನ್ ಓಡುವಾಗ ದೀಪ, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಹಾಕಿ ನೋಡಿದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಬಳಿ 14.2 ವೋಲ್ಟ್, ಬ್ಯಾಟರಿಯ ಬಳಿ 13.9. ಹೊರಡುವಾಗಿನ ನಷ್ಟವಲ್ಲದೆ ಚಾರ್ಜಿನಲ್ಲೂ ಅದೇ ಸಂಧಿ ಸುಂಕ ವಸೂಲಿ ಮಾಡುತ್ತಿತ್ತು.

ಬ್ಯಾಟರಿಯ ಮೈನಸ್ ಕಂಬದಿಂದ ಬಂದು ಗೇರ್‌ಬಾಕ್ಸಿಗೆ ಬಿಗಿದಿದ್ದ ಅರ್ತ್ ತಂತಿಯ ತುದಿಯನ್ನು ಬಿಚ್ಚಿದಾಗ ಬೋಲ್ಟಿನ ಕೆಳಗೆ ಹಸಿರು-ಬಿಳಿ ಪುಡಿ ತುಂಬಿತ್ತು. ತಂತಿಯ ಹೊದಿಕೆಯನ್ನು ಒಂದಿಷ್ಟು ಸೀಳಿ ನೋಡಿದರೆ ತಾಮ್ರದ ಎಳೆಗಳು ಒಳಗೂ ಕಪ್ಪು ಹಸಿರಾಗಿದ್ದವು. ಉಪ್ಪುನೀರು ಎಳೆಗಳ ನಡುವಿನ ಸಂದಿನಲ್ಲಿ ಮೇಲಕ್ಕೆ ಹೀರಿಕೊಂಡು ಹೋಗಿರುತ್ತದೆ. ಅಂಥ ತಂತಿಯ ತುದಿಯನ್ನಷ್ಟೇ ಉಜ್ಜಿ ಮತ್ತೆ ಬಿಗಿಯುವುದು ತಾತ್ಕಾಲಿಕ ಸಮಾಧಾನ. 25 ಚದರ ಮಿಲಿಮೀಟರಿನ, ತವರ ಲೇಪಿಸಿದ ತಾಮ್ರದ ತಂತಿ ತಂದು, ತುದಿಗಳನ್ನು ಒತ್ತುಯಂತ್ರದಿಂದ ಒತ್ತಿಸಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್-ಶ್ರಿಂಕ್ ಕೊಳವೆಯಿಂದ ಬಾಯಿ ಮುಚ್ಚಿದೆ. ಕಾರಿನ ಬಾಡಿಯ ಲೋಹಕ್ಕೆ ಬಿಗಿಯುವ ಕಡೆ ಬಣ್ಣ ಕೆರೆದು ಹೊಳೆಯುವ ಲೋಹದ ಮೇಲೆ ಬಿಗಿದು, ಆಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈ ಕ್ರಮ ಮುಖ್ಯ: ಮೊದಲು ಲೋಹಕ್ಕೆ ಲೋಹ, ಜೆಲ್ಲಿ ನಂತರ.

ಬ್ಯಾಟರಿಯ ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವ ಸ್ಪ್ಯಾನರ್ ಕಾರಿನ ಬಾಡಿಯ ಲೋಹಕ್ಕೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಉಂಗುರ, ಬಳೆ, ಕೊರಳ ಸರ ತೆಗೆದಿಟ್ಟೇ ಕೈ ಹಾಕಬೇಕು. ಟರ್ಮಿನಲ್ಲಿನ ಬಿಳಿ ಹೊಪ್ಪಳಿಕೆಗೆ ಅಡುಗೆ ಸೋಡ ಕದಡಿದ ಬೆಚ್ಚನೆ ನೀರು ಹಾಕಿ, ನೊರೆ ನಿಂತ ಮೇಲೆ ತೊಳೆದು ಒರೆಸಿದೆ. ಸೋಡದ ಒಂದು ಹನಿಯೂ ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಬೇಕು. ಬ್ಯಾಟರಿ ಕೂರುವ ತಟ್ಟೆಯ ನೀರು ಹೋಗುವ ತೂತನ್ನು ಗಾಳಿಮರದ ಸೂಜಿ ಎಲೆಗಳು ಪೂರ್ತಿ ಕಟ್ಟಿದ್ದವು. ಕಡಲತೀರದ ಗಾಳಿಮರಗಳ ಕೆಳಗೆ ಕಾರು ನಿಲ್ಲಿಸುವವರು ಈ ತೂತನ್ನೂ ವೈಪರಿನ ಕೆಳಗಿನ ಜಾಲರಿಯನ್ನೂ ನೋಡಬೇಕು. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯ ಬೋಲ್ಟು ತುಕ್ಕು ಹಿಡಿದು ತೆಳ್ಳಗಾಗಿತ್ತು, ಹೊಸದು ಹಾಕಿದೆ. ಬ್ಯಾಟರಿ ಅಲುಗಾಡಿದರೆ ಫಲಕಗಳ ಮೇಲಿನ ಸೀಸದ ಲೇಪ ಉದುರುತ್ತದೆ.

ಎಲ್ಲ ಕೂಡಿಸಿದ ಮೇಲೆ ಮೈನಸ್ ಕಂಬದಿಂದ ಎಂಜಿನ್ನಿಗೆ 0.14 ವೋಲ್ಟ್. ಸೆಲ್ಫಿನ ಸದ್ದೇ ಬದಲಾಯಿತು. ಎಲ್ಲ ಹೊರೆ ಹಾಕಿದಾಗಲೂ ಬ್ಯಾಟರಿಯ ಬಳಿ 14.1 ಬಂತು.

ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವ ಮನೆಗಳಿಗಾಗಿ ಒಂದು ಲೆಕ್ಕ. ಬೀಗ ಹಾಕಿದ ಕಾರು ಕೂಡ ಗಡಿಯಾರ, ಕಂಪ್ಯೂಟರು, ಅಲಾರಮ್ಮಿಗಾಗಿ 30 ಮಿಲಿ-ಆಂಪಿಯರ್ ಎಳೆದರೆ ದಿನಕ್ಕೆ 0.72 ಆಂಪಿಯರ್-ಅವರ್ ಖರ್ಚು. 35ರ ಬ್ಯಾಟರಿ 24 ದಿನಕ್ಕೆ ಅರ್ಧ ಖಾಲಿ. ಖಾಲಿಯಾಗಿಯೇ ಉಳಿದರೆ ಫಲಕಗಳ ಮೇಲಿನ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಎಂಜಿನ್ ಹಚ್ಚಿ ಐದು ನಿಮಿಷ ಬಿಡುವುದರಿಂದ ಇದು ತುಂಬುವುದಿಲ್ಲ. 12.4ಕ್ಕಿಂತ ಇಳಿದರೆ ಮೂರೂವರೆ ಆಂಪಿಯರಿನ ಚಾರ್ಜರಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ರಾತ್ರಿಯಿಡೀ ಚಾರ್ಜ್ ಮಾಡುವುದೇ ಸರಿ; ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ದೀಪ, ಬೀಡಿ ಸಲ್ಲದು.

ತೊಳೆಯುವ ನೀರಿನ ವಿಷಯ ಕರಾವಳಿಯವರೇ ಗಮನಿಸಬೇಕಾದದ್ದು. ಏಪ್ರಿಲ್, ಮೇ ತಿಂಗಳಲ್ಲಿ ಅಳಿವೆಯ ಹತ್ತಿರದ ಅನೇಕ ಬಾವಿಗಳ ನೀರು ಸವಳಾಗುತ್ತದೆ. ಆ ನೀರಿನಿಂದ ಗಾಲಿ, ತಳಭಾಗ ತೊಳೆದರೆ ಉಪ್ಪು ತೆಗೆದಂತಲ್ಲ, ಹಚ್ಚಿದಂತೆ. ಘಟ್ಟದ ಮೇಲಿನ ಬಂಧುಗಳ, ಹೆಚ್ಚುಕಡಿಮೆ ನನ್ನದರಷ್ಟೇ ವಯಸ್ಸಿನ ಕಾರಿನ ರಿಮ್ಮುಗಳನ್ನು ಇದೇ ಸಂದರ್ಭದಲ್ಲಿ ನೋಡಿದೆ: ಶಿರಸಿಯಲ್ಲೂ ಮಳೆ ಜೋರೇ, ಆದರೂ ಅಂಚಿನ ಪಟ್ಟಿ ಸ್ವಚ್ಛವಾಗಿತ್ತು. ಅಲ್ಲಿನ ತೊಂದರೆ ಬೇರೆ. ತೋಟದ ದಾರಿಯ ಕೆಂಪು ಕೆಸರು ರಿಮ್ಮಿನ ಒಳಮೈಗೆ ಮೆತ್ತಿ ಒಣಗಿ, ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತಿತ್ತು. ಕೆರೆದು ತೊಳೆದಾಗ ನಿಂತಿತು.

ನನ್ನ ಕಾರಿನಲ್ಲಿ ಇನ್ನು ಉಳಿದಿರುವುದು ಬಲ ಹಿಂಗಾಲಿ. ಅದರ ರಿಮ್ಮಿನ ಗುಳಿಗಳು ಬಹಳ ಆಳಕ್ಕೆ ಇಳಿದಿವೆ, ಉಜ್ಜಿ ಸಮ ಮಾಡಿದರೆ ಉಕ್ಕು ತೆಳುವಾಗುತ್ತದೆ. ಹೀಗಾಗಿ ಅದನ್ನು ಬದಲಾಯಿಸಲು ತೀರ್ಮಾನಿಸಿದ್ದೇನೆ. ಹೊಸ ರಿಮ್ ಕೊಳ್ಳುವಾಗ 14 ಇಂಚು ಎಂಬುದೊಂದೇ ಸಾಲದು. ಬೋಲ್ಟುಗಳ ವೃತ್ತದ ವ್ಯಾಸ, ನಡುವಿನ ತೂತಿನ ವ್ಯಾಸ, ರಿಮ್ಮಿನ ಅಗಲ ಮತ್ತು ಆಫ್‌ಸೆಟ್ (ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಇರುವ ದೂರ) ನಾಲ್ಕೂ ಹಳೆಯದಕ್ಕೆ ಹೊಂದಬೇಕು. ಅದು ಬರುವವರೆಗೆ ಡಿಕ್ಕಿಯಲ್ಲಿದ್ದ ಹೆಚ್ಚುವರಿ ಗಾಲಿಯನ್ನು ಅಂಚಿನ ಪಟ್ಟಿ ಪರೀಕ್ಷಿಸಿ, 33 ಪಿಎಸ್‌ಐ ತುಂಬಿ, ಆ ಜಾಗಕ್ಕೆ ಹಾಕಿದ್ದೇನೆ.